‘ಎಕ್ವಿಟಬ್ಲಿ’ ಅಂದ್ರೆ ಯಾವುದಕ್ಕೆ ತಕ್ಕ ಹಾಗೆ?

ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್‌ಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನ ತಲೆಗೆ ಬಿದ್ದು ಮೂರು ವರ್ಷ ಆಯಿತು. ಸಂಬಳ ಇಲ್ಲ, ಬೈಗುಳಕ್ಕೆ ಬರ ಇಲ್ಲ. ಒಂದು ಬೇಸಿಗೆಯಲ್ಲಿ ಹೀಗೇ ಒಂದು ನೋಟಿಸ್ ಬಂತು. ಟ್ಯಾಂಕರ್ ನೀರಿನ ಬಿಲ್ ಏರಿದೆ, ಇನ್ನು ಮುಂದೆ ಎಲ್ಲ ಖರ್ಚನ್ನೂ ಮನೆಗಳ ನಡುವೆ ‘ಎಕ್ವಿಟಬ್ಲಿ’ ಹಂಚಲಾಗುವುದು ಅಂತ ಇಂಗ್ಲಿಷಿನಲ್ಲಿತ್ತು. ನಾನು ‘ಸಮಾನವಾಗಿ ಹಂಚಲಾಗುವುದು’ ಅಂತ ಬರೆದು, ಲಿಫ್ಟಿನ ಪಕ್ಕ ಅಂಟಿಸಿ, ಮನೆಗೆ ಬಂದು ಕಾಫಿಗಿಟ್ಟೆ.

ಹಾಲು ಉಕ್ಕುವ ಮೊದಲೇ ಬೆಲ್ ಆಯಿತು. ನೋಡಿದರೆ ನೆಲಮಹಡಿಯ ಅಜ್ಜಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ.

‘ಏನಪ್ಪಾ ಇದು? ನಾನು ದಿನಕ್ಕೆ ನಾಲ್ಕು ಬಕೆಟ್ ನೀರು ಖರ್ಚು ಮಾಡಿದ್ರೆ ಹೆಚ್ಚು. ಮೇಲುಗಡೆ ಆರು ಜನ ಇರೋ ಮನೆಯವ್ರೂ ನಾನೂ ಒಂದೇ ದುಡ್ಡು ಕಟ್ಟಬೇಕಾ?’

‘ಇಂಗ್ಲಿಷಲ್ಲಿ ಹಾಗೇ ಇದೆ ಅಜ್ಜಿ’ ಅಂದೆ. ಹಾಗಿರಲಿಲ್ಲ. ‘ಈಕ್ವಲಿ’ ಅಂದಿದ್ದರೆ ನನ್ನ ಕನ್ನಡ ಸರಿ. ಬರೆದಿದ್ದು ‘ಎಕ್ವಿಟಬ್ಲಿ’. ಎರಡೂ ಒಂದೇ ಬೇರಿನಿಂದ ಹುಟ್ಟಿದ ಪದಗಳು, ಆದರೆ ಅಜ್ಜಿಯ ಲೆಕ್ಕದಲ್ಲಿ ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ರೂಪಾಯಿ ವ್ಯತ್ಯಾಸ.

ಮೊದಲು ಉಚ್ಚಾರ. ಈಕ್ವಲಿ ಅನ್ನುವಾಗ ಮೊದಲ ಸ್ವರ ದೀರ್ಘ. ಎಕ್ವಿಟಬ್ಲಿಯಲ್ಲಿ ಅದು ಹ್ರಸ್ವ, ಒತ್ತು ಬೀಳುವುದು ‘ಎ’ ಮೇಲೆ. ನಮ್ಮ ಟಿವಿ, ಪೇಪರ್‌ಗಳಲ್ಲಿ ‘ಈಕ್ವಿಟಿ’ ಅಂತ ದೀರ್ಘ ಬರೆದು ಬರೆದು ರೂಢಿಯಾಗಿದೆ, ಇರಲಿ. ಆದರೆ ಆ ದೀರ್ಘದಿಂದ ಒಂದು ನಷ್ಟ ಆಗಿದೆ. ಈಕ್ವಿಟಿ, ಈಕ್ವಲ್ ಎರಡೂ ಕಿವಿಗೆ ಒಂದೇ ಥರ ಕೇಳಿಸಿ, ಅರ್ಥವೂ ಒಂದೇ ಅನಿಸಿಬಿಡುತ್ತದೆ.

ಲ್ಯಾಟಿನ್‌ನಲ್ಲಿ ‘ಐಕ್ವುಸ್’ ಅಂತ ಒಂದು ಪದ. ಮಟ್ಟಸ, ಏರುತಗ್ಗು ಇಲ್ಲದ್ದು ಅಂತ ಅರ್ಥ. ಗಾರೆಯವರು ರಸಮಟ್ಟ ಇಟ್ಟು ನೋಡಿ ‘ಸರಿ ಇದೆ’ ಅಂತಾರಲ್ಲ, ಆ ಸರಿ. ಅದರಿಂದ ಒಂದು ಕಡೆ ‘ಈಕ್ವಲ್’ ಬಂತು, ಅದು ಲೆಕ್ಕದ ಸರಿ. ಇನ್ನೊಂದು ಕಡೆ ‘ಎಕ್ವಿಟಿ’ ಬಂತು, ಅದು ನ್ಯಾಯದ ಸರಿ. ಕನ್ನಡದ ‘ಸರಿ’ ಪದವೂ ಇವೆರಡನ್ನೂ ಹೊತ್ತುಕೊಂಡೇ ಓಡಾಡುತ್ತದೆ. ‘ಸರಿಪಾಲು’ ಅಂದರೆ ಅರ್ಧ-ಅರ್ಧ. ‘ಇದು ಸರಿಯಲ್ಲ’ ಅಂದರೆ ಅನ್ಯಾಯ.

ಎಕ್ವಿಟಿಯ ಹಿಂದಿನ ಯೋಚನೆ ತುಂಬಾ ಹಳೆಯದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೊಟ್ಟ ಹೋಲಿಕೆ ನನಗೆ ತುಂಬಾ ಇಷ್ಟ. ಲೆಸ್ಬಾಸ್ ದ್ವೀಪದಲ್ಲಿ ಕಲ್ಲು ಕಟ್ಟುವವರ ಹತ್ತಿರ ಸೀಸದ ಅಳತೆಪಟ್ಟಿ ಇರುತ್ತಿತ್ತಂತೆ. ಕಬ್ಬಿಣದ ಪಟ್ಟಿಯ ಹಾಗೆ ನೆಟ್ಟಗೆ ನಿಲ್ಲದೆ, ಅದು ಕಲ್ಲಿನ ಉಬ್ಬುತಗ್ಗಿಗೆ ತಕ್ಕ ಹಾಗೆ ಬಾಗುತ್ತಿತ್ತು. ಕಾನೂನು ಎಲ್ಲರಿಗೂ ಸೇರಿಸಿ ಬರೆದದ್ದು, ಎದುರಿಗೆ ಬರುವ ಮನುಷ್ಯನೋ ಒಂದೊಂದು ಆಕಾರ. ಹಾಗಾಗಿ ಕೆಲವು ಕಡೆ ಪಟ್ಟಿ ಬಾಗಬೇಕು ಅನ್ನುವುದು ಅವನ ಮಾತು.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಬೇರೆ ಕೋರ್ಟೇ ಇತ್ತು. ಅಲ್ಲಿನ ಮಾಮೂಲಿ ಕೋರ್ಟುಗಳಲ್ಲಿ ನಿಗದಿಯಾದ ನಮೂನೆಯ ಅರ್ಜಿಗೆ ಹೊಂದದ ಕೇಸಿಗೆ ದಾರಿ ಇರಲಿಲ್ಲ. ಅಂಥವರು ರಾಜನ ಹತ್ತಿರ ಹೋಗುತ್ತಿದ್ದರು. ರಾಜ ಅದನ್ನು ಚಾನ್ಸಲರ್ ಅನ್ನುವ ತನ್ನ ಹಿರಿಯ ಅಧಿಕಾರಿಗೆ ದಾಟಿಸುತ್ತಿದ್ದ. ಆತ ಪುಸ್ತಕದ ಕಾನೂನು ಬಿಟ್ಟು ಮನಸ್ಸಾಕ್ಷಿಗೆ ಸರಿ ಕಂಡಂತೆ ತೀರ್ಮಾನ ಹೇಳುತ್ತಿದ್ದ. ಬರಬರುತ್ತಾ ಅದೇ ಚಾನ್ಸರಿ ಕೋರ್ಟ್ ಆಯಿತು. ಆ ಕೋರ್ಟು ಕೊಡುವ ನ್ಯಾಯಕ್ಕೆ ‘ಎಕ್ವಿಟಿ’ ಅಂತಲೇ ಹೆಸರು. 1873 ಮತ್ತು 1875ರ ಕಾಯ್ದೆಗಳು ಬರುವ ತನಕ ಇಂಗ್ಲೆಂಡಿನಲ್ಲಿ ಎರಡೂ ಕೋರ್ಟುಗಳು ಬೇರೆಬೇರೆಯಾಗಿಯೇ ಇದ್ದವು.

ಬಾಗುವ ಪಟ್ಟಿಗೆ ಒಂದು ಅಪಾಯ ಇದೆ, ಬಾಗಿಸುವವನ ಕೈ. 17ನೇ ಶತಮಾನದಲ್ಲಿ ಜಾನ್ ಸೆಲ್ಡನ್ ಎಂಬ ಇಂಗ್ಲಿಷ್ ವಿದ್ವಾಂಸ ಇದನ್ನೇ ಇಟ್ಟುಕೊಂಡು ಗೇಲಿ ಮಾಡಿದ. ಚಾನ್ಸಲರನ ಮನಸ್ಸಾಕ್ಷಿಯೇ ಅಳತೆ ಅನ್ನುವುದು, ಚಾನ್ಸಲರನ ಪಾದವೇ ಒಂದು ಅಡಿ ಅಂದ ಹಾಗೆ. ಒಬ್ಬನ ಪಾದ ಉದ್ದ, ಮುಂದೆ ಬರುವವನದು ಗಿಡ್ಡ ಅಂತ. ಇಂಗ್ಲಿಷಿನಲ್ಲಿ ಹೇಗೋ ಹಾಗೆ ನಮ್ಮಲ್ಲೂ ‘ಅಡಿ’ ಅಂದರೆ ಪಾದವೂ ಹೌದು, ಅಳತೆಯೂ ಹೌದು. ಆದ್ದರಿಂದ ಈ ಜೋಕು ಕನ್ನಡಕ್ಕೆ ಸಲೀಸಾಗಿ ಬರುತ್ತದೆ.

ಷೇರು ಮಾರುಕಟ್ಟೆಯ ಈಕ್ವಿಟಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳುತ್ತೀರಾ? ಸಂಬಂಧ ಇದೆ. ಜಮೀನು ಅಡವಿಟ್ಟು ಸಾಲ ತಗೊಂಡವನು ಹೇಳಿದ ದಿನಕ್ಕೆ ತೀರಿಸದಿದ್ದರೆ, ಹಳೇ ಕಾನೂನಿನಲ್ಲಿ ಇಡೀ ಜಮೀನು ಹೋಯಿತು ಅಂತಲೇ. ಚಾನ್ಸರಿ ಕೋರ್ಟು ಇದನ್ನು ಒಪ್ಪಲಿಲ್ಲ. ತಡವಾದರೂ ಸಾಲ ತೀರಿಸಿ ಜಮೀನು ಬಿಡಿಸಿಕೊಳ್ಳಲಿ ಅಂದಿತು. ಸಾಲಕ್ಕಿಂತ ಮೇಲೆ ಉಳಿದ ಬೆಲೆ ಅವನದೇ ಆಯಿತು. ಆ ಉಳಿಕೆಗೆ ‘ಎಕ್ವಿಟಿ’ ಅನ್ನುವ ಹೆಸರು ಅಂಟಿತು. ಮುಂದೆ ಕಂಪನಿಯ ಸಾಲವೆಲ್ಲ ಕಳೆದು ಮಾಲೀಕರಿಗೆ ಉಳಿಯುವ ಪಾಲಿಗೂ ಅದೇ ಹೆಸರು ಬಂತು. ಎಸ್ಐಪಿ ಕಟ್ಟುವಾಗ ನೆನಪಿಟ್ಟುಕೊಳ್ಳಬೇಕಾದ ವಿಷಯವೇನಲ್ಲ, ಸುಮ್ನೆ ಹೇಳಿದೆ.

ಮತ್ತೆ ನಮ್ಮ ಪದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಎಕ್ವಿಟಬ್ಲಿ ಬರುವುದು ಸಾಮಾನ್ಯವಾಗಿ ಹಂಚುವ, ಭಾಗ ಮಾಡುವ, ನಡೆಸಿಕೊಳ್ಳುವ ಕ್ರಿಯೆಗಳ ಜೊತೆ. ಷೇರ್, ಡಿಸ್ಟ್ರಿಬ್ಯೂಟ್, ಅಲೋಕೇಟ್, ಟ್ರೀಟ್ ಇಂಥವು. ‘ದಿ ವಾಟರ್ ವಾಸ್ ಷೇರ್ಡ್ ಎಕ್ವಿಟಬ್ಲಿ’ ಅಂತ ಕೊನೆಗೂ ಹಾಕಬಹುದು, ‘ಮಸ್ಟ್ ಬಿ ಎಕ್ವಿಟಬ್ಲಿ ಷೇರ್ಡ್’ ಅಂತ ನಡುವೆಯೂ ಕೂರಿಸಬಹುದು. ಇದು ಕಾಗದಪತ್ರದ ಪದ. ಒಪ್ಪಂದ, ತೀರ್ಪು, ಸರ್ಕಾರಿ ನೀತಿ, ಸಂಘದ ಬೈಲಾ ಇವುಗಳಲ್ಲಿ ಜಾಸ್ತಿ. ಮಕ್ಕಳಿಗೆ ಕೇಕ್ ಕತ್ತರಿಸಿಕೊಡುವ ಇಂಗ್ಲಿಷ್ ತಾಯಿ ಇದನ್ನು ಬಳಸುವುದಿಲ್ಲ, ‘ಫೇರ್ಲಿ’ ಅನ್ನುತ್ತಾಳೆ.

ಹಾಗಾದರೆ ಬೈಲಾದಲ್ಲೂ ಫೇರ್ಲಿ ಅಂತಲೇ ಬರೆಯಬಹುದಲ್ವಾ? ಬರೆಯಬಹುದು, ಆದರೆ ಆ ಪದಕ್ಕೆ ಎರಡು ನಾಲಿಗೆ. ಕ್ರಿಯೆಯ ಜೊತೆ ಬಂದರೆ ‘ನ್ಯಾಯವಾಗಿ’. ಗುಣ ಹೇಳುವ ಪದದ ಮುಂದೆ ಬಂದರೆ ‘ತಕ್ಕಮಟ್ಟಿಗೆ’. ‘ಫೇರ್ಲಿ ಗುಡ್’ ಅಂದರೆ ಪರವಾಗಿಲ್ಲ, ಚೆನ್ನಾಗಿದೆ ಅಂತ. ‘ಫೇರ್ಲಿ ಬಿಗ್ ಹೌಸ್’ ಅನ್ನುವುದನ್ನು ‘ನ್ಯಾಯವಾಗಿ ದೊಡ್ಡ ಮನೆ’ ಅಂತ ಮಾಡಿದರೆ ಓದುವವರು ಆ ಮನೆಯ ದಾಖಲೆ ಕೇಳಿಯಾರು. ಎಕ್ವಿಟಬ್ಲಿಗೆ ಈ ತಾಪತ್ರಯ ಇಲ್ಲ. ‘ಇಂಪಾರ್ಷಿಯಲಿ’ ಅನ್ನುವುದು ಹಂಚುವವನ ಮನಸ್ಸಿನ ಬಗ್ಗೆ: ಪಕ್ಷಪಾತ ಇಲ್ಲದೆ. ಪಕ್ಷಪಾತ ಇಲ್ಲದವನೂ ಪೆದ್ದುಪೆದ್ದಾಗಿ ಹಂಚಬಹುದು, ನಾನು ನೋಟಿಸ್ ಬರೆದ ಹಾಗೆ.

ನಿಘಂಟು ತೆರೆದರೆ ಎಕ್ವಿಟಬ್ಲಿಗೆ ಸಿಗುವುದು ‘ನ್ಯಾಯವಾಗಿ’, ‘ನ್ಯಾಯೋಚಿತವಾಗಿ’ ಇಂಥ ಪದಗಳು. ತಪ್ಪೇನಿಲ್ಲ. ಆದರೆ ನನಗೆ ಇವು ಸಾಲದು ಅನಿಸುತ್ತದೆ. ನ್ಯಾಯವಾಗಿ ಅಂದಕೂಡಲೇ ಎಲ್ಲರೂ ತಲೆಯಾಡಿಸುತ್ತಾರೆ. ಅನ್ಯಾಯವಾಗಿ ಹಂಚಿ ಅಂತ ಯಾರು ಹೇಳುತ್ತಾರೆ? ನಮ್ಮ ಭಾಷೆಯಲ್ಲಿ ಇದಕ್ಕಿಂತ ಗಟ್ಟಿಯಾದ ಒಂದು ಪದ ಬಿದ್ದಿದೆ: ‘ತಕ್ಕ’. ದುಡಿಮೆಗೆ ತಕ್ಕ ಕೂಲಿ. ಹೊಟ್ಟೆಗೆ ತಕ್ಕಷ್ಟು ಅನ್ನ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವಲ್ಲಿ ಪದ ಇಲ್ಲದಿದ್ದರೂ ಭಾವ ಅದೇ.

ಈ ‘ತಕ್ಕ’ಕ್ಕೆ ಒಂದು ಒಳ್ಳೆಯ ಗುಣ ಇದೆ. ಅದು ಒಂಟಿಯಾಗಿ ನಿಲ್ಲುವುದು ಕಷ್ಟ. ‘ತಕ್ಕ ಹಾಗೆ ಹಂಚಿ’ ಅಂದರೆ ಎದುರಿಗಿರುವವರು ತಕ್ಷಣ ಕೇಳುತ್ತಾರೆ, ‘ಯಾವುದಕ್ಕೆ?’ ಜನಕ್ಕೆ ತಕ್ಕ ಹಾಗಾ, ಜಾಗಕ್ಕಾ, ಬಳಕೆಗಾ, ಕೈಲಾಗುವುದಕ್ಕಾ? ಇಂಗ್ಲಿಷಿನ ಎಕ್ವಿಟಬ್ಲಿ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುತ್ತದೆ. ಎಲ್ಲರೂ ಸಹಿ ಹಾಕುತ್ತಾರೆ. ಜಗಳ ಆಮೇಲೆ.

ಈ ಜಗಳ ಎಷ್ಟು ದೊಡ್ಡದಾಗಬಹುದು ಅನ್ನುವುದು ಗೊತ್ತಾಗಬೇಕಾದರೆ ಕಾವೇರಿಯನ್ನು ನೋಡಬೇಕು.

ಕಾವೇರಿ ನೀರಿನ ಬಗ್ಗೆ ಮೈಸೂರು ಸಂಸ್ಥಾನಕ್ಕೂ ಮದ್ರಾಸಿಗೂ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದ ಆಗಿತ್ತು. ಜಗಳ ನಿಲ್ಲದೆ 1990ರ ಜೂನ್‌ನಲ್ಲಿ ನ್ಯಾಯಮಂಡಳಿ ಬಂತು. ಅದರ ಅಂತಿಮ ತೀರ್ಪು ಬರಲು 2007ರ ಫೆಬ್ರವರಿ ಆಯಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು, 2018ರ ಫೆಬ್ರವರಿ 16ರಂದು ತೀರ್ಪು ಬಂದದ್ದು ನಿಮಗೆ ನೆನಪಿರಬಹುದು. ಆ ತೀರ್ಪಿನ ಬೆನ್ನೆಲುಬೇ ‘ಎಕ್ವಿಟಬಲ್ ಅಪೋರ್ಷನ್‌ಮೆಂಟ್’, ಅಂದರೆ ನ್ಯಾಯವಾದ ಹಂಚಿಕೆ. ಈ ತತ್ವ ಅಮೆರಿಕದಿಂದ ಬಂದದ್ದು. ಕಾನ್ಸಸ್ ಮತ್ತು ಕೊಲರಾಡೊ ರಾಜ್ಯಗಳು ಅರ್ಕಾನ್ಸಾ ನದಿಗಾಗಿ ಕಿತ್ತಾಡಿದಾಗ, 1907ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ದಾರಿ ಹಾಕಿತು. 1966ರ ಹೆಲ್ಸಿಂಕಿ ನಿಯಮಗಳು ಅದನ್ನು ದೇಶ-ದೇಶಗಳ ನಡುವಿನ ನದಿಗಳಿಗೂ ವಿವರವಾಗಿ ಬರೆದವು.

ಈಗ ಲೆಕ್ಕ ನೋಡಿ. ಕಾವೇರಿ ಕಣಿವೆಯಲ್ಲಿ ಹಂಚಲು ಸಿಗುವ ನೀರು 740 ಟಿಎಂಸಿ ಅಂತ ನ್ಯಾಯಮಂಡಳಿ ಹಿಡಿಯಿತು. ಪರಿಸರಕ್ಕೆ 10, ಸಮುದ್ರಕ್ಕೆ ಹರಿದು ಹೋಗುವುದು 4. ಉಳಿದದ್ದು 726. ಪಾಲುದಾರರು ನಾಲ್ವರು: ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ. ಈಕ್ವಲಿ ಹಂಚಿದರೆ ತಲಾ 181.5 ಟಿಎಂಸಿ. ಪುದುಚೇರಿಗೆ ಸೇರಿದ ಕಾರೈಕಾಲ್‌ನಷ್ಟು ಚಿಕ್ಕ ಜಾಗಕ್ಕೆ 181 ಟಿಎಂಸಿ ಬಿಟ್ಟರೆ ಅವರು ಮನೆ ಖಾಲಿ ಮಾಡಿಕೊಂಡು ಓಡಬೇಕು. ಸುಪ್ರೀಂ ಕೋರ್ಟಿನ ಹಂಚಿಕೆಯಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7.

ಈ ಅಂಕಿಗಳು ಯಾವುದಕ್ಕೆ ತಕ್ಕ ಹಾಗೆ ಬಂದವು? ಹೆಲ್ಸಿಂಕಿ ನಿಯಮಗಳ ಪಟ್ಟಿ ಉದ್ದ ಇದೆ. ಕಣಿವೆಯ ಎಷ್ಟು ಭಾಗ ಯಾರ ನೆಲದಲ್ಲಿದೆ, ಎಷ್ಟು ನೀರು ಯಾರಿಂದ ಸೇರುತ್ತದೆ, ಹವಾಮಾನ ಏನು, ಮೊದಲಿಂದ ಯಾರು ಬಳಸುತ್ತಾ ಬಂದಿದ್ದಾರೆ, ಎಷ್ಟು ಜನ ನಂಬಿಕೊಂಡಿದ್ದಾರೆ, ಬೇರೆ ನೀರಿನ ಮೂಲ ಇದೆಯಾ, ಪೋಲು ಆಗುತ್ತಿದೆಯಾ. ಯಾವುದಕ್ಕೂ ಮೊದಲೇ ಇಷ್ಟು ಅಂಕ ಅಂತ ಗೊತ್ತು ಮಾಡಿಲ್ಲ. ಎಲ್ಲವನ್ನೂ ಒಟ್ಟಿಗಿಟ್ಟು ತೂಗಬೇಕು.

ಆ ತೂಗುವಿಕೆ ಹೇಗಿರುತ್ತದೆ ಅನ್ನುವುದಕ್ಕೆ ಬೆಂಗಳೂರೇ ಸಾಕ್ಷಿ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಕುಡಿಯುವ ನೀರಿನ ಅರ್ಧ ಅಂತರ್ಜಲದಿಂದ ಸಿಗುತ್ತದೆ ಅಂತ ನ್ಯಾಯಮಂಡಳಿ ಲೆಕ್ಕ ಹಾಕಿ ಬೆಂಗಳೂರಿನ ಪಾಲನ್ನು ಕತ್ತರಿಸಿತ್ತು. ಅಂದರೆ ಅಲ್ಲಿ ಅಳತೆ ಭೂಪಟ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಕಣಿವೆಯ ಗೆರೆಯ ಆಚೆ ಇದ್ದಾರಾ ಈಚೆ ಇದ್ದಾರಾ ಅಂತ ನೋಡುವುದು ಸರಿಯಲ್ಲ ಅಂತ 4.75 ಟಿಎಂಸಿ ಸೇರಿಸಿತು. ಇಲ್ಲಿ ಅಳತೆ ಬಾಯಾರಿಕೆ. ಇನ್ನೊಂದು 10 ಟಿಎಂಸಿ ಬಂದದ್ದು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ. ಅದು ‘ಬೇರೆ ಮೂಲ ಇದೆಯಾ’ ಅನ್ನುವ ಅಳತೆ. ಎರಡೂ ಸೇರಿ ಕರ್ನಾಟಕದ ಪಾಲು 270 ಇದ್ದದ್ದು 284.75 ಆಯಿತು, ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ನದಿ ಅದೇ, ಮಳೆ ಅದೇ, ಎಕ್ವಿಟಬಲ್ ಅನ್ನುವ ಪದವೂ ಅದೇ. ಅಳತೆ ಬದಲಾಗಿದ್ದಕ್ಕೆ 14.75 ಟಿಎಂಸಿ ಜಾಗ ಬದಲಿಸಿತು.

ಮಳೆ ಕೈಕೊಟ್ಟ ವರ್ಷಕ್ಕೆ ನ್ಯಾಯಮಂಡಳಿ ಹೇಳಿದ್ದು ಬೇರೆ ಸೂತ್ರ. ನೀರು ಕಡಿಮೆಯಾದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕುಗ್ಗಬೇಕು. ಕೇಳಲು ಸರಳ. ಆದರೆ ಮಳೆ ಕೈಕೊಟ್ಟ 2023ರ ಸೆಪ್ಟೆಂಬರಿನಲ್ಲಿ ಈ ನೀರಿಗಾಗಿ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ಆದವು. ನೀರು ತುಂಬಿ ಹರಿಯುವ ವರ್ಷದಲ್ಲಿ ಈ ಪದದ ಅರ್ಥ ಯಾರೂ ಕೇಳುವುದಿಲ್ಲ.

ದುಡ್ಡಿನಲ್ಲೂ ಇದೇ ಕಥೆ, ಆದರೆ ಅಲ್ಲಿ ಒಂದು ವಾಸಿ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಹಣಕಾಸು ಆಯೋಗ ಹೇಳುವಾಗ ಅಳತೆಗಳ ತೂಕವನ್ನೂ ಬಿಚ್ಚಿಡುತ್ತದೆ. 2021–26ಕ್ಕೆ 15ನೇ ಆಯೋಗ ಇಟ್ಟ ತೂಕ ಹೀಗಿತ್ತು: ಶ್ರೀಮಂತ ರಾಜ್ಯದ ತಲಾದಾಯಕ್ಕಿಂತ ಎಷ್ಟು ಹಿಂದಿದ್ದೀರಿ ಅನ್ನುವುದಕ್ಕೆ ನೂರಕ್ಕೆ 45, ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ಹಿಡಿತಕ್ಕೆ 12.5, ಕಾಡಿಗೆ 10, ತೆರಿಗೆ ವಸೂಲಿಯ ಶ್ರಮಕ್ಕೆ 2.5. ಈ ಲೆಕ್ಕದಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಶೇ. 4.71ರಿಂದ ಶೇ. 3.65ಕ್ಕೆ ಇಳಿಯಿತು. ದುಡಿಮೆಗೆ ತಕ್ಕ ಹಾಗೆ ಕೊಡಿ ಅಂತ ಬೆಂಗಳೂರು ಕೇಳುತ್ತದೆ. ಕೊರತೆಗೆ ತಕ್ಕ ಹಾಗೆ ಕೊಡಿ ಅಂತ ಪಾಟ್ನಾ ಕೇಳುತ್ತದೆ. ಇಬ್ಬರೂ ಬಳಸುವುದು ಇದೇ ಇಂಗ್ಲಿಷ್ ಪದ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೂಕ ಕಾಗದದ ಮೇಲೆ ಇರುವುದರಿಂದ ಕನಿಷ್ಠ ಯಾವ ಅಂಕಿಯ ಮೇಲೆ ಜಗಳ ಆಡಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಬೇಲಿಯಾಚೆಯ ಆಟ ನೋಡಲು ಡಬ್ಬದ ಮೇಲೆ ನಿಂತ ಮೂರು ಹುಡುಗರ ಚಿತ್ರ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಒಂದು ಕಡೆ ಎಲ್ಲರಿಗೂ ಒಂದೊಂದು ಡಬ್ಬ, ಕುಳ್ಳ ಹುಡುಗನಿಗೆ ಆಟ ಕಾಣುವುದಿಲ್ಲ. ಇನ್ನೊಂದು ಕಡೆ ಅವನಿಗೆ ಎರಡು ಡಬ್ಬ, ಉದ್ದದವನಿಗೆ ಇಲ್ಲ, ಎಲ್ಲರಿಗೂ ಆಟ ಕಾಣುತ್ತದೆ. ಪದ ಅರ್ಥ ಮಾಡಿಸಲು ಒಳ್ಳೆಯ ಚಿತ್ರವೇ. ಆದರೆ ಅದು ಸ್ವಲ್ಪ ಮೋಸ ಮಾಡುತ್ತದೆ ಅಂತ ನನ್ನ ಅನಿಸಿಕೆ. ಅಲ್ಲಿ ವ್ಯತ್ಯಾಸ ಒಂದೇ, ಎತ್ತರ. ಅದೂ ಕಣ್ಣಿಗೆ ಕಾಣುವಂಥದ್ದು. ಆ ಡಬ್ಬಗಳನ್ನು ಹೊತ್ತು ತಂದವನು ಉದ್ದದ ಹುಡುಗನೇ ಆಗಿದ್ದರೆ? ನಿಜವಾದ ಜಗಳಗಳೆಲ್ಲ ಅಲ್ಲಿಂದ ಶುರುವಾಗುತ್ತವೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಶುರುವಾಗಿದ್ದೂ ಅಲ್ಲಿಂದಲೇ. ಭಾನುವಾರ ಬೇಸ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್. ಒಟ್ಟು 24 ಮನೆ, 30,000 ಚದರ ಅಡಿ. ತಿಂಗಳ ಖರ್ಚು 1,20,000 ರೂಪಾಯಿ. ಮನೆಗಿಷ್ಟು ಅಂತ ಸಮಾನವಾಗಿ ಹಂಚಿದರೆ ತಲಾ 5,000. ಚದರ ಅಡಿಗೆ ತಕ್ಕ ಹಾಗೆ ಅಂದರೆ ಅಡಿಗೆ 4 ರೂಪಾಯಿ. ಅಜ್ಜಿಯ 600 ಅಡಿಗೆ 2,400, ಮೇಲಿನ 1,800 ಅಡಿಗೆ 7,200.

ಅಜ್ಜಿಗೆ ಸಮಾಧಾನ ಆಯಿತು. 1,800 ಅಡಿಯ ಮನೆಯ ನಿವೃತ್ತ ಮೇಷ್ಟ್ರು ಎದ್ದು ನಿಂತರು. ‘ನಾವಿರೋದು ಇಬ್ಬರು. ಮಕ್ಕಳು ಹೊರದೇಶದಲ್ಲಿದ್ದಾರೆ. ಎದುರಿನ 600 ಅಡಿ ಮನೇಲಿ ಐದು ಜನ ಹುಡುಗರಿದ್ದಾರೆ, ದಿನಾ ಬೆಳಿಗ್ಗೆ ಮೋಟ್ರು ನಿಲ್ಲೋದೇ ಇಲ್ಲ. ಅವರ ಸ್ನಾನಕ್ಕೆ ನಾನ್ಯಾಕೆ ಕೊಡಲಿ?’

ಕಾನೂನು ಬಲ್ಲವರೊಬ್ಬರು 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ತೆಗೆದರು. ಅದರಲ್ಲಿ ಸಾಮಾನ್ಯ ಖರ್ಚಿಗೆ ಅಳತೆ ಸ್ಪಷ್ಟವಾಗಿದೆ: ಸಾಮಾನ್ಯ ಜಾಗದಲ್ಲಿ ಯಾರಿಗೆ ಎಷ್ಟು ಅವಿಭಾಜ್ಯ ಪಾಲಿದೆಯೋ ಅದರ ಶೇಕಡಾವಾರು. ಬೆಂಗಳೂರಿನವರು ಯುಡಿಎಸ್ ಅಂತಾರಲ್ಲ, ಅದು. ಮೇಷ್ಟ್ರು ಸುಮ್ಮನಾಗಲಿಲ್ಲ. ‘ಗೋಡೆಗೆ ಬಣ್ಣ ಹೊಡೆಯೋದಕ್ಕೆ ಆ ಲೆಕ್ಕ ಹಿಡೀರಿ, ಒಪ್ತೀನಿ. ನೀರು ಗೋಡೆ ಕುಡಿಯುತ್ತಾ?’

ಎರಡೂವರೆ ಗಂಟೆ, ಎರಡು ಸುತ್ತು ಟೀ ಆದ ಮೇಲೆ ನೋಟಿಸನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಈ ಸಲ ಇಂಗ್ಲಿಷ್ ಮೂಲ ಇರಲಿಲ್ಲ. ನೇರ ಕನ್ನಡದಲ್ಲೇ ಬರೆದೆ. ಬಣ್ಣ, ರಿಪೇರಿ, ವಾಚ್‌ಮನ್ ಸಂಬಳ ಎಲ್ಲ ಯುಡಿಎಸ್‌ಗೆ ತಕ್ಕ ಹಾಗೆ. ಎಲ್ಲರೂ ಕೈಯೆತ್ತಿ ಒಪ್ಪಿದ್ದರಿಂದ ಟ್ಯಾಂಕರ್ ನೀರು ಮಾತ್ರ ಮೀಟರಿಗೆ ತಕ್ಕ ಹಾಗೆ. ಮೀಟರ್ ಹಾಕಿಸುವ ತನಕ ಮನೆಯಲ್ಲಿರುವ ತಲೆಗಳಿಗೆ ತಕ್ಕ ಹಾಗೆ. ಒಂದು ಪದ ಇದ್ದ ಜಾಗದಲ್ಲಿ ಮೂರು ಸಾಲು ಆಯಿತು.

ಅಂಟಿಸಿ ಬರುವಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

‘ಲಿಫ್ಟಿನ ರಿಪೇರಿ ಎಲ್ಲಿಗೆ ಬಂತಪ್ಪಾ ಇದ್ರಲ್ಲಿ?’

‘ಯುಡಿಎಸ್ ಲೆಕ್ಕಕ್ಕೇ ಅಜ್ಜಿ.’

‘ನಾನು ಗ್ರೌಂಡ್ ಫ್ಲೋರು’ ಅಂದರು.